ಮೊದಲ ಗುರುಮಠ



ರಾಯಚೂರಿನಿಂದ ಗುಂತಕಲ್ಲಿನತ್ತ ಹೊರಟ ರೈಲು ತುಂಗಭದ್ರೆಯನ್ನು ದಾಟುವ ಮುನ್ನ ಮಟಮಾರಿ ಎಂಬ ಸಣ್ಣ ನಿಲ್ದಾಣವನ್ನು ಹಾದುಹೋಗುತ್ತದೆ. ಮುಂಬಯಿ ಮತ್ತು ಮದರಾಸುಗಳಿಂದ ಬಂದ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ದೈವಕರೆಗೆ ಓಗೊಟ್ಟು ಬೆಂಗಳೂರಿನ ಗುರುಮಠಕ್ಕೆ ಈ ಹಳಿಯ ಮೇಲೆ ಹೊರಡುವ ಹುಡುಗನಿಗೆ ತನ್ನ ಜಿಲ್ಲೆಯ ಎರೆಹೊಲಗಳು ಕಡೆಯದಾಗಿ ಕಾಣುವುದು ಇಲ್ಲಿಯೇ. ಮುಂದೆ ಗುರುದೀಕ್ಷೆ ಪಡೆದಾಗ ಅವನು ಧರ್ಮಾಧ್ಯಕ್ಷರಿಗೂ ಅಧ್ಯಾಪಕರಿಗೂ ಕೃತಜ್ಞತೆ ಸಲ್ಲಿಸುತ್ತಾನೆ. ಅದು ಯೋಗ್ಯವೇ. ಆದರೆ ಅವನ ಕರೆ ಮೊಳೆತದ್ದು ಎಲ್ಲಿ?

ಉತ್ತರಕ್ಕಾಗಿ ಇದೇ ಜಿಲ್ಲೆಯ ಮುದಗಲ್ಲಿಗೆ ಹೋಗೋಣ. ಸಂತ ಫ್ರಾನ್ಸಿಸ್ ಝೇವಿಯರರ ಬಳಗದ ಗುರುವೊಬ್ಬರಿಂದ ಅಲ್ಲಿನವರು ಕ್ರಿಸ್ತವಿಶ್ವಾಸ ಪಡೆದರೆಂದೂ, 1557ಕ್ಕೆ ಮೊದಲೇ ದೇವಾಲಯ ಕಟ್ಟಲಾಗಿತ್ತೆಂದೂ ಹಳೆಯ ಗ್ಯಾಸೆಟಿಯರ್ ಹೇಳುತ್ತದೆ. ಆ ಬಳಿಕ ಕೃಷ್ಣೆ-ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡು ಕಂಡ ಏರಿಳಿತಗಳೆಷ್ಟು! 1565ರಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ವಿಜಯನಗರ ಸೋತಿತು. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಮುಂದೆ ನಿಜಾಮರು ಆಳಿದರು. ನಡುವೆ 1853ರಿಂದ 1860ರವರೆಗೆ ಬ್ರಿಟಿಷರು. 1956ರಲ್ಲಿ ಈ ನೆಲ ಕನ್ನಡ ನಾಡಿನೊಡನೆ ಒಂದಾಯಿತು. ಧರ್ಮಸಭೆಯೊಳಗೂ ಬಿರುಗಾಳಿ ಬೀಸದಿರಲಿಲ್ಲ. ಸಂತ ಝೇವಿಯರರ ಯೇಸುಸಭೆಯೇ 1773ರಲ್ಲಿ ವಿಸರ್ಜನೆಗೊಂಡು, 1814ರವರೆಗೂ ಪುನಃಸ್ಥಾಪನೆಯಾಗಲಿಲ್ಲ. ರಾಯಚೂರು ಜಿಲ್ಲೆಯನ್ನು ಇಂದು ಒಳಗೊಂಡಿರುವ ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1949ರಲ್ಲಿ.

ಅರಸರು ಬದಲಾದರು, ಗುರುಗಳು ಬಂದು ಹೋದರು. ಆದರೂ ಮುದಗಲ್ಲಿನಲ್ಲಿ ವಿಶ್ವಾಸದ ದೀಪ ಆರಲಿಲ್ಲ. ಅದಕ್ಕೆ ಎಣ್ಣೆ ಎರೆದವರಾರು? ದಾಖಲೆಗಳಲ್ಲಿ ಸುಲ್ತಾನರ ಹೆಸರುಗಳಿವೆ, ಮಿಷನರಿಗಳ ಹೆಸರುಗಳಿವೆ. ಮೊಮ್ಮಗನ ಕೈಹಿಡಿದು ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿಸಿದ ಅಜ್ಜಿಯ ಹೆಸರಿಲ್ಲ. ಸಂಜೆಯ ಜಪಕ್ಕೆ ಓಣಿಯ ಮಕ್ಕಳನ್ನು ಕೂಡಿಸಿದ ಉಪದೇಶಿಯ ಹೆಸರಿಲ್ಲ.

ಪ್ರೇಷಿತ ಪೌಲರು ಮಾತ್ರ ಈ ಋಣವನ್ನು ಮರೆಯಲಿಲ್ಲ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲಿಯೇ ಅವನ ಅಜ್ಜಿ ಲೋಯಿಯನ್ನೂ ತಾಯಿ ಯೂನಿಕೆಯನ್ನೂ ಹೆಸರಿಸಿ ನೆನೆಯುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಗುರುಗಳ ತರಬೇತಿಯ ಕುರಿತು ಹೊರಡಿಸಿದ ಆದೇಶಪತ್ರದಲ್ಲಿ, ದೈವಕರೆಯನ್ನು ಪೋಷಿಸುವ ಹೊಣೆ ಇಡೀ ಕ್ರೈಸ್ತ ಸಮುದಾಯದ್ದೆಂದು ಸಾರಿ, ವಿಶ್ವಾಸ ತುಂಬಿದ ಕುಟುಂಬವನ್ನು ಮೊದಲ ಗುರುಮಠಕ್ಕೆ ಹೋಲಿಸಿತು.

ಗುರುಗಳಾದ ನಾವು ಇಲ್ಲಿ ತಲೆಬಾಗಬೇಕು. ದೀಕ್ಷೆಯ ದಿನ ಜನರು ಸಾಲುಗಟ್ಟಿ ನಮ್ಮ ಕೈಗೆ ಮುತ್ತಿಡುತ್ತಾರೆ. ಆ ಸಾಲಿನಲ್ಲಿ ನಮಗೆ ಮೊದಲ ಪ್ರಾರ್ಥನೆ ಕಲಿಸಿದವರೂ ನಿಂತಿರುತ್ತಾರೆ. ಅವರ ಕೈಗೆ ನಾವು ಮುತ್ತಿಟ್ಟೆವೇ? ವರ್ಷಗಳು ಕಳೆದಂತೆ ಧರ್ಮಕೇಂದ್ರದ ಜನರು ನಮ್ಮ ಋಣಿಗಳೆಂದು ಭಾವಿಸತೊಡಗುತ್ತೇವೆ. ಲೆಕ್ಕ ತಿರುವುಮುರುವಾಗಿದೆ. ಋಣಿಗಳು ನಾವು.

ತಂದೆತಾಯಿಗಳೇ, ಇಂದು ಸಂಜೆ ಜಪಸರ ಹಿಡಿದಾಗ ತೂಕಡಿಸುವ ಮಗುವನ್ನು ಗದರಿಸದೆ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ನಾಳಿನ ಗುರುವಿನ ಮೊದಲ ಪಾಠ ಅಲ್ಲಿಯೇ ನಡೆಯುತ್ತಿರಬಹುದು. ಹಾಗೆಯೇ, ನಿಮ್ಮಿಂದ ಪಡೆದದ್ದನ್ನು ಮರೆಯದಂತೆ ನಮಗಾಗಿಯೂ ಒಂದು ಜಪ ಹೇಳಿರಿ.