ಕಾವಿನ ಮೂಲ: ನಂದಿ ಸೀಮೆಯಲ್ಲಿ ಕಂಬಳಿಯಿಂದ ಹೀಟೆಡ್ ಜಾಕೆಟ್‌ವರೆಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ಹೊಸ ಜಿಲ್ಲೆಗೆ ಸೇರಿದ್ದು 2007ರಲ್ಲಾದರೂ, ಚಳಿಯ ಲೆಕ್ಕದಲ್ಲಿ ಈ ನಾಲ್ಕೂ ಬಹುಕಾಲದಿಂದ ಒಂದೇ ಸೀಮೆ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟ ಮತ್ತು ಅದರ ಸುತ್ತಣ ಬೆಟ್ಟಸಾಲು ಈ ಸೀಮೆಯ ನೆತ್ತಿಯಾಗಿದ್ದು, ಅಲ್ಲಿಂದ ಗೌರಿಬಿದನೂರಿನ ಕಡೆಗೂ ಶಿಡ್ಲಘಟ್ಟ, ಚಿಂತಾಮಣಿಗಳ ಕಡೆಗೂ ನೆಲ ತಗ್ಗುತ್ತಾ ಹೋಗುತ್ತದೆ. ಡಿಸೆಂಬರ್, ಜನವರಿ ತಿಂಗಳುಗಳ ಮೋಡವಿಲ್ಲದ ರಾತ್ರಿಗಳಲ್ಲಿ, ಹಗಲೆಲ್ಲ ಕಾದ ನೆಲದ ಬಿಸಿ ಬೇಗ ಆರಿಹೋಗಿ, ಅವರೆ ಹೊಲದ ಮೇಲೆ ಇಬ್ಬನಿ ಕೂರುವ ಹೊತ್ತಿಗೆ ಉಷ್ಣಾಂಶ 10ರಿಂದ 12 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುವುದುಂಟು. ಮನೆಯೊಳಗೆ ಮಲಗಿದವರಿಗೆ ಇದು ದೊಡ್ಡ ಚಳಿಯಲ್ಲವಾದರೂ ಆ ಹೊತ್ತಿನಲ್ಲಿ ದಾರಿಯಲ್ಲಿರುವವರ ಪಾಡು ಬೇರೆ. ಮೈಗೆ ಅಂಟಿಕೊಂಡಿರುವ ಬೆಚ್ಚನೆಯ ಗಾಳಿಯ ತೆಳುವಾದ ಪದರವನ್ನು ಎದುರುಗಾಳಿ ಸದಾ ಕಿತ್ತೊಯ್ಯುತ್ತಿರುತ್ತದೆ. ಗಾಳಿಯ ವೇಗವನ್ನೂ ಉಷ್ಣಾಂಶವನ್ನೂ ಕೂಡಿಸಿ ಚಳಿಯನ್ನು ಅಳೆಯುವ ಸೂತ್ರದ ಪ್ರಕಾರ, 10 ಡಿಗ್ರಿಯ ಮುಂಜಾವಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೋಟಾರ್ ಸೈಕಲ್ ಓಡಿಸುವವರ ತೆರೆದ ಮುಖಕ್ಕೆ ತಗಲುವುದು ಸುಮಾರು 5 ಡಿಗ್ರಿಯ ಚಳಿ. ಆದ್ದರಿಂದ ಈ ಸೀಮೆಯ ಬೆಚ್ಚನೆಯ ಉಡುಪಿನ ಚರಿತ್ರೆಯನ್ನು ದಾರಿಯಿಂದಲೇ ಆರಂಭಿಸಬೇಕಾಗುತ್ತದೆ.

ಎತ್ತಿನ ಗಾಡಿಯ ಕಾಲದಲ್ಲಿ ದಾರಿಯ ಉಡುಪೆಂದರೆ ಕುರುಬರು ನೇಯ್ದ ಕರಿ ಕಂಬಳಿ. ಕನ್ನಡದೊಡನೆ ತೆಲುಗೂ ಮನೆಮಾತಾಗಿರುವ ಈ ಭಾಗದಲ್ಲಿ ಅದಕ್ಕೆ ಗೊಂಗಡಿ ಎಂಬ ಹೆಸರೂ ಇದೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ, ಆ ಸಂಚಾರದ ವರದಿಯನ್ನು 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಕುರುಬರ ಕುರಿಸಾಕಣೆಯನ್ನೂ ಅವರ ಒರಟು ಕಂಬಳಿಯ ನೇಯ್ಗೆಯನ್ನೂ ದಾಖಲಿಸಿದ್ದಾನೆ. ಕತ್ತರಿಸಿದ ಉಣ್ಣೆಯನ್ನು ಹಿಂಜಿ, ನೂಲು ತೆಗೆದು, ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿಗೊಳಿಸಿ, ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಗುಂಡಿಮಗ್ಗದಲ್ಲಿ ಕಂಬಳಿ ಸಿದ್ಧವಾಗುತ್ತಿತ್ತು. ಗಂಜಿಯ ಬಿಗಿಯಿಂದ ಹೊಸ ಕಂಬಳಿ ಹಲಗೆಯಂತೆ ಸೆಟೆದಿದ್ದರೂ, ನೀರು ಕಂಡು, ಮೈಗೆ ಉಜ್ಜಿ, ಎಳೆಗೆ ಎಳೆ ಹೆಣೆದುಕೊಂಡಂತೆ ಅದರ ನೇಯ್ಗೆಯ ಸಂದುಗಳು ಮುಚ್ಚಿ, ಗಾಳಿ ಮತ್ತು ಮಳೆ ಸುಲಭವಾಗಿ ನುಗ್ಗದಷ್ಟು ದಟ್ಟವಾಗುತ್ತಿತ್ತು. ಗುಂಗುರಾದ ಉಣ್ಣೆಯ ಎಳೆಗಳು ತಮ್ಮ ನಡುವೆ ಗಾಳಿಯನ್ನು ಹಿಡಿದಿಡುತ್ತವೆ. ಅದಲ್ಲದೆ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ, ಹಾಗೆ ಹೀರುವಾಗ ಸ್ವಲ್ಪ ಬಿಸಿಯನ್ನೂ ಹೊರಬಿಡುತ್ತದೆ. ಇಬ್ಬನಿಯ ಸೀಮೆಗೆ ಇದಕ್ಕಿಂತ ಒಪ್ಪುವ ಬಟ್ಟೆ ಇರಲಿಲ್ಲ. ಕಂಬಳಿಯ ಒಂದು ಮೂಲೆಯನ್ನು ಒಳಗೆ ಮಡಿಸಿ ತಲೆಯ ಮೇಲೆ ಮುಸುಕಿನಂತೆ ಇಳಿಬಿಡುವುದಕ್ಕೆ ಕೊಪ್ಪೆ ಹಾಕಿಕೊಳ್ಳುವುದು ಎನ್ನುತ್ತಾರೆ. ನೆತ್ತಿ, ಕಿವಿ, ಬೆನ್ನು ಮೂರನ್ನೂ ಒಂದೇ ಬಟ್ಟೆಯಿಂದ ಕಾಯುವ ಈ ವಿಧಾನ ಗಾಡಿ ಹೊಡೆಯುವವರಿಗೂ ಕುರಿ ಕಾಯುವವರಿಗೂ ಸಮನಾಗಿ ಸಲ್ಲುತ್ತಿತ್ತು. ಕಂಬಳಿಗೆ ತನ್ನದೇ ಆದ ಕಾವಿಲ್ಲ, ಮೈಯ ಕಾವನ್ನು ಅದು ಕಾಯ್ದಿಡುತ್ತದೆ ಅಷ್ಟೆ. ಹಾಗಾಗಿ ಅದರ ದೋಷಗಳೆಲ್ಲ, ನುಸಿ ತಿಂದ ತೂತಾಗಲಿ, ಸವೆದು ತೆಳ್ಳಗಾದ ಭುಜದ ಭಾಗವಾಗಲಿ, ಕಣ್ಣಿಗೆ ಕಾಣುವಂಥವು ಮತ್ತು ಸೂಜಿಯಿಂದ ತಿದ್ದುವಂಥವು.

ಈ ಸೀಮೆಯ ಜನ ಬೆಳಗಿನ ಜಾವದ ಚಳಿಯಲ್ಲೇ ದಾರಿ ಹಿಡಿಯಬೇಕಾಗಿ ಬಂದುದಕ್ಕೆ ರೇಷ್ಮೆ ಒಂದು ಮುಖ್ಯ ಕಾರಣ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆ ಕೃಷಿ ಶಿಡ್ಲಘಟ್ಟ, ಚಿಂತಾಮಣಿಗಳ ಸುತ್ತ ಬಲವಾಗಿ ಹಬ್ಬಿತು. ಗೂಡಿನ ಮಾರಾಟವನ್ನು 1959ರ ಕಾಯ್ದೆ ನಿಯಂತ್ರಣಕ್ಕೆ ತಂದ ಮೇಲೆ ಬೆಳೆದ ಸರ್ಕಾರಿ ಮಾರುಕಟ್ಟೆಗಳಲ್ಲಿ, ರಾಮನಗರದ ಜೊತೆಗೆ ಹೆಸರಿಸಬೇಕಾದದ್ದು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ. ಗೂಡಿನೊಳಗಿರುವುದು ಜೀವಂತ ಕೋಶ. ಅದು ಉಸಿರಾಡುತ್ತದೆ, ಬಿಸಿಯನ್ನೂ ತೇವವನ್ನೂ ಹೊರಬಿಡುತ್ತದೆ. ಚೀಲದಲ್ಲಿ ಒತ್ತಿ ತುಂಬಿ ಬಿಸಿಲಲ್ಲಿ ಸಾಗಿಸಿದರೆ ಒಳಗೆ ಕಾವು ಏರಿ ಗೂಡು ಕೆಡುತ್ತದೆ, ನೂಲು ಬಿಚ್ಚಾಣಿಕೆಯವರು ಹರಾಜಿನಲ್ಲಿ ಬೆಲೆ ಇಳಿಸುತ್ತಾರೆ. ಹೆಚ್ಚು ದಿನ ಇಟ್ಟುಕೊಳ್ಳಲೂ ಆಗದು, ಏಕೆಂದರೆ ಚಿಟ್ಟೆ ಗೂಡನ್ನು ತೂತುಮಾಡಿ ಹೊರಬಂದರೆ ಎಳೆ ತುಂಡಾಗುತ್ತದೆ. ಹಾಗಾಗಿ ಗೂಡಿಗೆ ತಂಪಾದ ಹೊತ್ತು ಬೇಕು, ಆ ಹೊತ್ತಿನ ಚಳಿಯನ್ನು ಗೂಡು ಹೊತ್ತವರು ತಡೆದುಕೊಳ್ಳಬೇಕು. ಚಳಿಗಾಲದ ಪ್ರಯಾಣದ ಈ ಕಟ್ಟುಪಾಡನ್ನು ಉಡುಪಿನ ಚರಿತ್ರೆಯಲ್ಲಿ ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಬೇಕು.

ಅದೇ ರೈತರು ಮನೆಯಲ್ಲಿ ಹುಳುವಿಗೆ ಮಾತ್ರ ಚಳಿ ತಾಕಲು ಬಿಡುತ್ತಿರಲಿಲ್ಲ. ಮರಿಹುಳುಗಳನ್ನು ಸಾಕುವ ಚಾಕಿ ಹಂತದಲ್ಲಿ 26ರಿಂದ 28 ಡಿಗ್ರಿ, ದೊಡ್ಡ ಹುಳುಗಳಿಗೆ 24 ಡಿಗ್ರಿಯ ಆಸುಪಾಸಿನ ಉಷ್ಣಾಂಶ ಬೇಕಾಗುವುದರಿಂದ, ಮಾಗಿಯಲ್ಲಿ ಹುಳು ಮನೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಡುವ ರೂಢಿ ಬಂತು, ಆಮೇಲೆ ವಿದ್ಯುತ್ ಹೀಟರ್ ಸೇರಿತು. ಚಳಿ ಹೆಚ್ಚಾದರೆ ಹುಳು ಸೊಪ್ಪು ತಿನ್ನುವುದು ಕಡಿಮೆಯಾಗಿ, ಜ್ವರ, ಅಂದರೆ ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು ಅಲುಗದೆ ಇರುವ ಅವಧಿ, ಎಳೆಯುತ್ತದೆ. ಈ ಕೆಲಸದಲ್ಲಿ ರೈತರು ಕಲಿತದ್ದು ಕಂಬಳಿ ಕಲಿಸದ ಪಾಠ: ಹೊರಗಿನಿಂದ ತಂದ ಕಾವು ಎಲ್ಲ ಕಡೆ ಒಂದೇ ಸಮ ಹರಡುವುದಿಲ್ಲ, ಅಗ್ಗಿಷ್ಟಿಕೆಯ ಹತ್ತಿರದ ತಟ್ಟೆ ಒಣಗುವಾಗ ಮೂಲೆಯ ತಟ್ಟೆ ತಣ್ಣಗೇ ಇರುತ್ತದೆ, ಕಿಟಕಿ ಮುಚ್ಚಿದರೆ ಇದ್ದಿಲಿನ ವಿಷಗಾಳಿ ಹುಳುವಿಗೂ ಮನುಷ್ಯರಿಗೂ ಅಪಾಯ. ಕಾವಿನ ಮೂಲ, ಅದು ಹರಿಯುವ ದಾರಿ, ಅದು ತಲುಪುವ ಜಾಗ ಎಂದು ಮೂರನ್ನು ಬೇರೆಬೇರೆಯಾಗಿ ನೋಡುವ ಅಭ್ಯಾಸ ಇಲ್ಲಿ ಹುಳು ಮನೆಯಲ್ಲೇ ಬೆಳೆಯಿತು ಎನ್ನಲು ಅಡ್ಡಿಯಿಲ್ಲ.

ಗಾಡಿಯ ಜಾಗಕ್ಕೆ ಮೋಟಾರ್ ಸೈಕಲ್ ಬಂದಾಗ ಕಂಬಳಿ ಹಿಂದೆ ಸರಿಯಿತು. ಮೈಸೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಜೆಕ್ ಮೂಲದ ಜಾವಾ ಬೈಕುಗಳನ್ನೂ, 1973ರಿಂದ ಯೆಜ್ಡಿಯನ್ನೂ ತಯಾರಿಸಿ 1996ರಲ್ಲಿ ಉತ್ಪಾದನೆ ನಿಲ್ಲಿಸಿತು. ಹೊಸೂರಿನಿಂದ 1980ರಲ್ಲಿ ಹೊರಟ ಟಿವಿಎಸ್ 50 ಮೊಪೆಡ್ ಹಾಲಿನ ಕ್ಯಾನು, ಸೊಪ್ಪಿನ ಹೊರೆ, ಗೂಡಿನ ಚೀಲಗಳನ್ನು ಹೊರುವ ಹಳ್ಳಿಯ ವಾಹನವಾಯಿತು. ಇಳಿಬಿದ್ದ ಕಂಬಳಿ ಗಾಳಿಗೆ ಹಾರಿ ಚಕ್ರಕ್ಕೋ ಚೈನಿಗೋ ಸಿಕ್ಕಿಕೊಳ್ಳುವ ಭಯವಿದ್ದುದರಿಂದ ಅದರ ಬದಲಿಗೆ ಸ್ವೆಟರ್, ಮಂಕಿ ಟೋಪಿ, ಜರ್ಕಿನ್ ಬಂದವು. ಎದೆಗೆ ಗಾಳಿ ತಾಗದಂತೆ ಅಂಗಿಯೊಳಗೆ ಹಳೆಯ ಪತ್ರಿಕೆ ಮಡಿಸಿ ಇಟ್ಟುಕೊಳ್ಳುವ ಉಪಾಯವೂ ಬಂತು. ಕಂಬಳಿ ಒಂದೇ ಬಟ್ಟೆಯಲ್ಲಿ ಮಾಡುತ್ತಿದ್ದ ಎರಡು ಕೆಲಸಗಳು, ಗಾಳಿ ಹಿಡಿದಿಡುವುದು ಮತ್ತು ಗಾಳಿ ತಡೆಯುವುದು, ಇಲ್ಲಿ ಎರಡು ಬಟ್ಟೆಗಳ ಪಾಲಾದವು. ಜರ್ಕಿನ್ ಇಲ್ಲದ ಸ್ವೆಟರ್ ಬೈಕಿನ ಮೇಲೆ ಬಲೆಯಿದ್ದಂತೆ.

ಬಟ್ಟೆಯೇ ಕಾಯಬೇಕು ಎಂಬ ಯೋಚನೆ ಹುಟ್ಟಿದ್ದು ಬೇರೆ ಕಡೆ. ಮೊದಲ ಮಹಾಯುದ್ಧದಲ್ಲಿ ತೆರೆದ ವಿಮಾನಗಳ ಸೈನಿಕರಿಗಾಗಿ ತಂತಿ ಹೆಣೆದ ಉಡುಪುಗಳು ಬಂದವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ಸಿಬ್ಬಂದಿ ತೊಟ್ಟ ಎಫ್-1 ಎಂಬ ವಿದ್ಯುತ್ ಉಡುಪಿನಲ್ಲಿ ಕೈಗವಸಿನಿಂದ ಕಾಲುಚೀಲದವರೆಗೆ ತಂತಿಗಳು ಒಂದರ ಹಿಂದೊಂದು ಸರಣಿಯಾಗಿದ್ದು, ಒಂದು ಕಡೆ ತಂತಿ ಕಡಿದರೆ ಮೈಯಿಡೀ ತಣ್ಣಗಾಗುತ್ತಿತ್ತು. ನಂತರದ ಮಾದರಿಗಳಲ್ಲಿ ಪ್ರತಿ ಭಾಗಕ್ಕೂ ಪ್ರತ್ಯೇಕ ಕವಲು, ಅಂದರೆ ಸಮಾಂತರ ಜೋಡಣೆ, ಕೊಟ್ಟು ಈ ದೋಷವನ್ನು ಸರಿಪಡಿಸಿದರು. 1970ರ ದಶಕದಲ್ಲಿ ಅಮೆರಿಕದ ವಾಷಿಂಗ್‌ಟನ್ ರಾಜ್ಯದ ಗಾರ್ಡನ್ ಗರ್ಬಿಂಗ್ ಇದನ್ನು ಬೈಕ್ ಸವಾರರ ಉಡುಪಾಗಿ ರೂಪಿಸಿದರು. ಬೈಕಿನ ಬ್ಯಾಟರಿಯಿಂದ ವಿದ್ಯುತ್ ಪಡೆದು ಕಾಯುವ ಈ ಹೀಟೆಡ್ ಜಾಕೆಟ್ ಮತ್ತು ಕೈಗವಸುಗಳು ಈಗ ನಂದಿಬೆಟ್ಟದ ಸೂರ್ಯೋದಯಕ್ಕಾಗಿ ಬೆಂಗಳೂರಿನಿಂದ ನಸುಕಿನಲ್ಲೇ ಹೊರಡುವವರಿಗೂ ಲಡಾಖಿಗೆ ಹೋಗುವ ಸವಾರರಿಗೂ ಪರಿಚಿತ.

ಈ ಉಡುಪಿನ ದೋಷ ಕಂಬಳಿಯ ತೂತಿನಂತೆ ಕಣ್ಣಿಗೆ ಕಾಣದು. ಅದನ್ನು ಹುಡುಕಲು ಕಾವಿನ ಮೂಲದಿಂದ ಹೊರಡಬೇಕು. 12 ವೋಲ್ಟಿನ ಬೈಕಿಗೆ ಜೋಡಿಸಿದ, 2 ಓಮ್ ರೋಧದ ಜಾಕೆಟ್ 6 ಆಂಪಿಯರ್ ಎಳೆದು 72 ವಾಟ್ ಕಾವು ಕೊಡುತ್ತದೆ. ಅದೇ ಜಾಕೆಟ್ಟನ್ನು 6 ವೋಲ್ಟಿನ ಹಳೆಯ ಜಾವಾಕ್ಕೆ ಜೋಡಿಸಿದರೆ ಸಿಗುವುದು ಕೇವಲ 18 ವಾಟ್, ಅಂದರೆ ಕಾಲು ಭಾಗ. ಆ ಕಾಲದ ಬೈಕುಗಳಲ್ಲಿ ಈ ಉಡುಪು ಬಳಕೆಗೆ ಬರುವಂತೆಯೇ ಇರಲಿಲ್ಲ. ಇಂದಿನ ಬೈಕಿನಲ್ಲೂ ತುಕ್ಕು ಹಿಡಿದ ಪ್ಲಗ್ಗಿನಲ್ಲಿ 2 ವೋಲ್ಟ್ ಸೋರಿದರೆ ಜಾಕೆಟ್ಟಿಗೆ 10 ವೋಲ್ಟ್ ಮಾತ್ರ ತಲುಪಿ ಕಾವು 50 ವಾಟಿಗೆ ಇಳಿಯುತ್ತದೆ. ತಂತಿಯೆಲ್ಲ ಸರಿಯಿದ್ದೂ ಕಾವು ಸುಮಾರು ಮೂರನೇ ಒಂದು ಪಾಲು ಕುಗ್ಗುತ್ತದೆ, ಸವಾರರು ಜಾಕೆಟ್ ಹಳತಾಯಿತೆಂದು ದೂರುತ್ತಾರೆ. ಮೊದಲು ಎಂಜಿನ್ ನಿಲ್ಲಿಸಿ ಬ್ಯಾಟರಿಯನ್ನು ಮಲ್ಟಿಮೀಟರಿನಿಂದ ಅಳೆಯಬೇಕು, ತುಂಬಿದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. ಎಂಜಿನ್ ಓಡುವಾಗ ಅದು 13.5ರಿಂದ 14.5ರ ನಡುವೆ ಏರದಿದ್ದರೆ ದೋಷ ಬೈಕಿನದು. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಸದಾ ಉರಿಯಬೇಕೆಂಬ ನಿಯಮ ಬಂದಿರುವುದರಿಂದ, ದೀಪಕ್ಕೂ ಕಿಡಿಗೂ ಸಾಕಾಗುವಷ್ಟೇ ವಿದ್ಯುತ್ ಉತ್ಪಾದಿಸುವ ಸಣ್ಣ ಬೈಕುಗಳಲ್ಲಿ ಜಾಕೆಟ್ಟಿನ ಹೊರೆ ನೇರವಾಗಿ ಬ್ಯಾಟರಿಯ ಮೇಲೆ ಬಿದ್ದು, ಮರಳುವ ಹೊತ್ತಿಗೆ ಬೈಕ್ ಸ್ಟಾರ್ಟ್ ಆಗದಿರಬಹುದು.

ಮೂಲ ಸರಿಯಿದ್ದರೆ ಮುಂದಿನ ಪರೀಕ್ಷೆ ದಾರಿಯದು. ಫ್ಯೂಸ್ ಸುಟ್ಟಿದ್ದರೆ ಅದಕ್ಕೊಂದು ಕಾರಣವಿರುತ್ತದೆ, ಬಹುತೇಕ ಸೀಟಿನ ಕೆಳಗೆ ಉಜ್ಜಿ ಸಿಪ್ಪೆ ಸುಲಿದ ತಂತಿ. ಆ ಕಾರಣ ಹುಡುಕದೆ ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತುವ ಚಾಳಿ ಮನೆಯಲ್ಲೇ ಅಪಾಯ, ಮೈಮೇಲಿನ ಬಟ್ಟೆಯಲ್ಲಂತೂ ಎಂದಿಗೂ ಸಲ್ಲದು. ಜಾಕೆಟ್ಟನ್ನು ಬಿಡಿಸಿ ಅದರ ಪ್ಲಗ್ಗಿನ ಎರಡು ತುದಿಗಳ ನಡುವೆ ರೋಧ ಅಳೆದಾಗ 2 ಓಮ್‌ನ ಸುತ್ತಮುತ್ತ ಬಂದರೆ ಒಳತಂತಿ ಕ್ಷೇಮ, ಮೀಟರ್ ಅನಂತ ತೋರಿಸಿದರೆ ತಂತಿ ಕಡಿದಿದೆ, ಸೊನ್ನೆಗೆ ಇಳಿದರೆ ತಂತಿಗೆ ತಂತಿ ತಾಗಿದೆ ಎಂದರ್ಥ. ಒಂದು ತೋಳು ಮಾತ್ರ ತಣ್ಣಗಿದ್ದರೆ ಸಮಾಂತರ ಜೋಡಣೆಯ ಆ ಕವಲು ಮೊಣಕೈ ಅಥವಾ ಮಣಿಕಟ್ಟಿನ ಮಡಿಕೆಯಲ್ಲಿ ತುಂಡಾಗಿರುತ್ತದೆ. ಒಮ್ಮೆ ಬಿಸಿ, ಒಮ್ಮೆ ತಣ್ಣಗೆ ಎನ್ನುವಂಥ ದೋಷ ಹೆಚ್ಚಾಗಿ ಅದುರಿ ಸಡಿಲವಾದ ಪ್ಲಗ್ಗಿನದು. ಒಂದೇ ಜಾಗ ಚುರುಗುಟ್ಟುತ್ತಿದ್ದರೆ ಆ ಕ್ಷಣವೇ ಕಳಚಿಡಬೇಕು. 44 ಡಿಗ್ರಿಯಷ್ಟು ಕಾವೂ ಗಂಟೆಗಟ್ಟಲೆ ಒಂದೇ ಕಡೆ ತಾಗಿದರೆ ಚರ್ಮವನ್ನು ಸುಡಬಲ್ಲದು, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರಿಗೆ ಅದು ತಿಳಿಯದೇ ಹೋಗಬಹುದು.

ಎಲ್ಲ ಸರಿಯಿದ್ದೂ ಚಳಿಯೆನಿಸಿದರೆ ನೋಡಬೇಕಾದದ್ದು ಕಾವು ತಲುಪುವ ಜಾಗ. ಸಡಿಲವಾದ ಜಾಕೆಟ್ಟಿನ ತಂತಿ ಮೈಯನ್ನು ಬಿಟ್ಟು ನಡುವಿನ ಗಾಳಿಯನ್ನು ಕಾಯಿಸುತ್ತದೆ, ಗಾಳಿ ತಡೆಯದ ಹೊರಬಟ್ಟೆ ಆ ಕಾವನ್ನು ಹೆದ್ದಾರಿಗೆ ಚೆಲ್ಲುತ್ತದೆ. ಒಳಗೆ ತೆಳುವಾದ ಬನಿಯನ್, ಅದರ ಮೇಲೆ ಮೈಗೊತ್ತಿದ ಹೀಟೆಡ್ ಜಾಕೆಟ್, ಅದರ ಮೇಲೆ ಉಣ್ಣೆ, ಎಲ್ಲಕ್ಕೂ ಹೊರಗೆ ಗಾಳಿ ನುಗ್ಗದ ಜರ್ಕಿನ್ ಎಂಬ ಕ್ರಮದಲ್ಲಿ ಕಂಬಳಿಯ ಉಣ್ಣೆಗೆ ಇಂದಿಗೂ ಜಾಗವಿದೆ. ಆದರೆ ಚಳ್ಳಕೆರೆಯಂಥ ಊರುಗಳಲ್ಲಿ ಕಂಬಳಿಯ ವ್ಯಾಪಾರ ಉಳಿದುಬಂದಷ್ಟು ಗಟ್ಟಿಯಾಗಿ ನಂದಿ ಸೀಮೆಯಲ್ಲಿ ಉಳಿಯಲಿಲ್ಲ, ಮಾಂಸಕ್ಕಾಗಿ ಸಾಕುವ ಕುರಿಯ ಉಣ್ಣೆಗೆ ಬೆಲೆಯೂ ಇಲ್ಲ; ಇದು ನಿಜವಾದ ನಷ್ಟ.

ಗೂಡಿನ ಚೀಲ ಹೊತ್ತ ಮೊಪೆಡ್ಡಿಗೆ 72 ವಾಟಿನ ಜಾಕೆಟ್ಟನ್ನು ಕಾಯಿಸುವ ಶಕ್ತಿಯಿಲ್ಲ. ಎಂಜಿನ್ನಿನ ಹಂಗಿಲ್ಲದೆ, ಜೇಬಿನಲ್ಲಿಟ್ಟುಕೊಳ್ಳುವ 7.4 ವೋಲ್ಟಿನ ಲಿಥಿಯಂ ಬ್ಯಾಟರಿಯಿಂದ ಕಾಯುವ ತೋಳಿಲ್ಲದ ಅಂಗಿಗಳು ಇಂಥ ಸವಾರರಿಗೆ ಒದಗಬಲ್ಲವು. 5 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 37 ವಾಟ್-ಗಂಟೆಯಷ್ಟು ಶಕ್ತಿಯಿದ್ದು, 12 ವಾಟಿನ ಅಂಗಿಯನ್ನು ಅದು ಸುಮಾರು ಮೂರು ಗಂಟೆ ಬಿಸಿಯಾಗಿಡುತ್ತದೆ. ಚಿಂತಾಮಣಿಯ ಕಡೆಯಿಂದ ಶಿಡ್ಲಘಟ್ಟದ ಮಾರುಕಟ್ಟೆಗೆ ನಸುಕಿನಲ್ಲಿ ಗೂಡು ತಲುಪಿಸಲು ಬೇಕಾಗುವುದು ಅದರ ಅರ್ಧಕ್ಕಿಂತ ಕಡಿಮೆ, ಮರಳುವ ಹೊತ್ತಿಗೆ ಬಿಸಿಲು ಬಂದಿರುತ್ತದೆ.