ಕುಹರ ಆಪ್ಟೊಮೆಕ್ಯಾನಿಕ್ಸ್: ಬೆಳಕು ಕನ್ನಡಿಯನ್ನು ತಳ್ಳಿದ ಚರಿತ್ರೆ

ಎದುರುಬದುರು ನಿಲ್ಲಿಸಿದ ಕನ್ನಡಿಗಳ ನಡುವಿನ ಕುಹರದಲ್ಲಿ ಲೇಸರ್ ಬೆಳಕನ್ನು ಮತ್ತೆ ಮತ್ತೆ ಓಡಾಡಿಸಿ, ಅದರ ಒತ್ತಡದಿಂದಲೇ ಕನ್ನಡಿಯ ಕಂಪನವನ್ನು ಏರಿಸುವ ಇಲ್ಲವೇ ತಗ್ಗಿಸುವ ವಿಜ್ಞಾನ ಇದು. ಒಂದು ಚದರ ಮೀಟರ್ ಕನ್ನಡಿಯ ಮೇಲೆ ನೇರ ಬಿಸಿಲು ಹೇರುವ ಬಲ ಒಂದು ಮಿಲಿಗ್ರಾಂ ತೂಕಕ್ಕೂ ತುಸು ಕಡಿಮೆ. ಬೆಳಕಿನ ಈ ಒತ್ತಡವನ್ನು ಮಾಸ್ಕೋದಲ್ಲಿ ಪ್ಯೋತರ್ ಲೆಬೆದೆವ್ 1901ರ ಹೊತ್ತಿಗೆ ಅಳೆದು ತೋರಿಸಿದ್ದರು.

ಬೆಂಗಳೂರು ಈ ಚರಿತ್ರೆಯೊಳಗೆ ಬಂದದ್ದು ಎದುರು ದಿಕ್ಕಿನಿಂದ. ದ್ರವದಲ್ಲಿ ಸಾಗುವ ಶ್ರವಣಾತೀತ ಅಲೆಗಳು ಬೆಳಕನ್ನು ಹಲವು ಕವಲುಗಳಾಗಿ ಒಡೆಯುವುದು 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸ್‌ಗಳಲ್ಲಿ ಕಂಡಿತ್ತು. ಏಕೆ ಹಾಗೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ವಿ. ರಾಮನ್, ಎನ್.ಎಸ್. ನಾಗೇಂದ್ರನಾಥ್ ಜೊತೆಗೂಡಿ 1935–36ರಲ್ಲಿ ಐದು ಪ್ರಬಂಧಗಳಲ್ಲಿ ಬಿಡಿಸಿಟ್ಟರು. ಅಲ್ಲಿ ಚಲನೆ ಬೆಳಕನ್ನು ಆಳುತ್ತದೆ. ಈ ಶಾಖೆಯ ಕಥೆಯನ್ನು ಮಾಸ್ಕೋದಿಂದ ಶುರುಮಾಡುವುದು ವಾಡಿಕೆ. ಆದರೆ ಆ ಐದು ಪ್ರಬಂಧಗಳನ್ನು ಬಿಟ್ಟರೆ ಅದು ಅರ್ಧ ಕಥೆಯೇ.

ಉಳಿದರ್ಧ ತೆರೆದದ್ದು 1967ರಲ್ಲಿ. ಮಾಸ್ಕೋದ ವ್ಲಾದಿಮಿರ್ ಬ್ರಾಗಿನ್‌ಸ್ಕಿ ಮತ್ತು ಅನಾತೊಲಿ ಮನುಕಿನ್ ಗುರುತಿಸಿದ ಗುಟ್ಟು ವಿಳಂಬದ್ದು. ಕನ್ನಡಿ ಸರಿದಾಗ ಕುಹರದೊಳಗಿನ ಬೆಳಕು ತುಸು ತಡವಾಗಿ ಬದಲಾಗುತ್ತದೆ. ಲೇಸರ್‌ನ ಆವರ್ತನ ಕುಹರದ ಸಹಜ ಆವರ್ತನಕ್ಕಿಂತ ಕೆಳಗಿದ್ದರೆ ಆ ತಡವಾದ ಒತ್ತಡ ಕಂಪನದ ಶಕ್ತಿಯನ್ನು ಹೀರುತ್ತದೆ, ಮೇಲಿದ್ದರೆ ತುಂಬುತ್ತದೆ. ಉಯ್ಯಾಲೆಯನ್ನು ಯಾವ ಗಳಿಗೆಯಲ್ಲಿ ತಳ್ಳಿದೆವು ಎಂಬುದರ ಮೇಲೆ ಅದು ಏರುವುದೋ ನಿಲ್ಲುವುದೋ ಎಂಬಂತೆ. 1970ರಲ್ಲಿ ಇದನ್ನು ಮೈಕ್ರೋವೇವ್‌ನಲ್ಲಿ ಪರೀಕ್ಷಿಸಿದರು. 2011ರಲ್ಲಿ ಅಮೆರಿಕದ ಎರಡು ತಂಡಗಳು, ಒಂದು ಮೈಕ್ರೋವೇವ್‌ನಿಂದ ಅಲ್ಯೂಮಿನಿಯಂ ತಮಟೆಯನ್ನೂ ಇನ್ನೊಂದು ಲೇಸರ್‌ನಿಂದ ಸಿಲಿಕಾನ್ ತೊಲೆಯನ್ನೂ, ಕ್ವಾಂಟಂ ನಿಯಮ ಒಪ್ಪುವ ಕನಿಷ್ಠ ಕಂಪನದವರೆಗೆ ತಣಿಸಿದವು.

ಬ್ರಾಗಿನ್‌ಸ್ಕಿಯ ಕಣ್ಣಿದ್ದದ್ದು ಗುರುತ್ವದ ಅಲೆಗಳ ಮೇಲೆ. ಅವುಗಳನ್ನು ಹಿಡಿಯುವ ಲೈಗೋ ವೀಕ್ಷಣಾಲಯದಲ್ಲಿ ತಲಾ 40 ಕಿಲೋ ತೂಗುವ ಕನ್ನಡಿಗಳ ನಡುವೆ 4 ಕಿಲೋಮೀಟರ್ ಉದ್ದದ ಕುಹರಗಳಿವೆ. ಪ್ರೋಟಾನ್ ಅಗಲದ ನೂರರಲ್ಲೊಂದು ಪಾಲಿಗೂ ಕಡಿಮೆ ಸರಿತವನ್ನು ಅಳೆಯುವ ಬೆಳಕೇ ಕನ್ನಡಿಯನ್ನು ತಳ್ಳಿ ಅಳತೆ ಕೆಡಿಸಬಲ್ಲದು. 2001ರಲ್ಲಿ ಅವರ ಬಳಗ ಎಚ್ಚರಿಸಿದ್ದಂತೆಯೇ, ಲೇಸರ್ ಶಕ್ತಿ ಹೆಚ್ಚಿಸಿದಾಗ ಅಲ್ಲಿನ ಕನ್ನಡಿಯೊಂದು ಸುಮಾರು 15 ಕಿಲೋಹರ್ಟ್ಸ್‌ನಲ್ಲಿ ತಾನಾಗಿ ಕಂಪಿಸತೊಡಗಿತು. ಅದನ್ನು ಪಳಗಿಸಿದ ಮೇಲೆ, 2015ರ ಸೆಪ್ಟೆಂಬರ್ 14ರಂದು ಮೊದಲ ಅಲೆ ಸಿಕ್ಕಿತು.

ಆ ಅಲೆಯ ಕೊನೆಯ ಕ್ಷೀಣಿಸುವ ಮಿಡಿತವನ್ನು 1970ರಲ್ಲೇ ಲೆಕ್ಕದಲ್ಲಿ ಕಂಡಿದ್ದವರು ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ. ಬೆಂಗಳೂರಿನ ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದ (ಐಸಿಟಿಎಸ್) ಪಿ. ಅಜಿತ್ ಅವರ ತಂಡ, ಅದೇ ಅಲೆ ಐನ್‌ಸ್ಟೈನ್ ಸಿದ್ಧಾಂತಕ್ಕೆ ಹೊಂದುತ್ತದೆಯೇ ಎಂದು ತೂಗಿ ನೋಡುವ ವಿಧಾನವೊಂದನ್ನು ರೂಪಿಸಿತು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕುಹರ ಆಪ್ಟೊಮೆಕ್ಯಾನಿಕ್ಸ್ ವಿದ್ಯೆಗೆ ಈಗ ಸ್ವಂತ ಪ್ರಯೋಗಾಲಯವೇ ಇದೆ. 2021ರಲ್ಲಿ ವಿಭೋರ್ ಸಿಂಗ್ ಅವರ ತಂಡ, ಕಂಪಿಸುವ ಪುಟ್ಟ ತೊಲೆಯನ್ನು ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ ಮೂಲಕ ಮೈಕ್ರೋವೇವ್ ಕುಹರಕ್ಕೆ ಬಲವಾಗಿ ಬೆಸೆದದ್ದನ್ನು ಪ್ರಕಟಿಸಿತು.