ಯೂಪ್ ಹೈಂಕೆಸ್: ಆಟಗಾರ, ತರಬೇತುದಾರ

ಜರ್ಮನಿಯ ಫುಟ್‌ಬಾಲ್ ಆಟಗಾರ ಯೂಪ್ ಹೈಂಕೆಸ್ ಹುಟ್ಟಿದ್ದು 1945ರ ಮೇ 9ರಂದು, ಮೊನ್ಶೆನ್‌ಗ್ಲಾಡ್‌ಬಾಖ್ ನಗರದ ಕಮ್ಮಾರರೊಬ್ಬರ ಮನೆಯಲ್ಲಿ. ಗಾರೆ ಕೆಲಸ ಕಲಿತಿದ್ದ ಅವರನ್ನು ದೊಡ್ಡ ಆಟಗಾರನನ್ನಾಗಿ ಬೆಳೆಸಿದ್ದು ಊರಿನದೇ ಬೊರುಸಿಯಾ ಕ್ಲಬ್ಬು ಮತ್ತು ಅದರ ತರಬೇತುದಾರ ಹೆನ್ನೆಸ್ ವೈಸ್‌ವೈಲರ್. ನಡುವೆ ಮೂರು ವರ್ಷ ಹ್ಯಾನೋವರ್ ತಂಡದಲ್ಲಿದ್ದು 1970ರಲ್ಲಿ ಅವರು ಊರಿಗೆ ಮರಳಿದರು. ಮುಂದಿನ ಏಳು ವರ್ಷಗಳಲ್ಲಿ ಬೊರುಸಿಯಾ ನಾಲ್ಕು ಬಾರಿ ರಾಷ್ಟ್ರೀಯ ಲೀಗ್ ಆದ ಬುಂಡೆಸ್‌ಲಿಗಾ ಗೆದ್ದಿತು. ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುಇಎಫ್‌ಎ ಕಪ್‌ನ 1975ರ ಫೈನಲ್‌ನಲ್ಲಿ ಡಚ್ಚರ ಟ್ವೆಂಟೆ ತಂಡವನ್ನು ಅದರದೇ ನೆಲದಲ್ಲಿ 5–1ರಿಂದ ಮಣಿಸಿದಾಗ ಮೂರು ಗೋಲು ಹೈಂಕೆಸ್ ಅವರವು. 1972ರಲ್ಲಿ ಯುರೋಪ್ ಚಾಂಪಿಯನ್ ಆದ, 1974ರಲ್ಲಿ ವಿಶ್ವಕಪ್ ಗೆದ್ದ ಪಶ್ಚಿಮ ಜರ್ಮನಿ ತಂಡಗಳಲ್ಲೂ ಅವರಿದ್ದರು.

ಲೀಗ್‌ನಲ್ಲಿ ಅವರ ಕೊನೆಯ ಪಂದ್ಯ ನಡೆದದ್ದು 1978ರ ಏಪ್ರಿಲ್ 29ರಂದು. ಪ್ರಶಸ್ತಿಗಾಗಿ ಸೆಣಸುತ್ತಿದ್ದ ಗ್ಲಾಡ್‌ಬಾಖ್ (ಬೊರುಸಿಯಾ) ಮತ್ತು ಕಲೋನ್ ತಂಡಗಳ ಅಂಕ ಸಮವಾಗಿದ್ದವು. ಅಂಕ ಸಮವಾದಾಗ ಪ್ರಶಸ್ತಿ ನಿರ್ಧರಿಸುವ ಗೋಲುಗಳ ಅಂತರದಲ್ಲಿ ಕಲೋನ್ ಹತ್ತು ಗೋಲು ಮುಂದಿತ್ತು. ಅಂದು ಗ್ಲಾಡ್‌ಬಾಖ್ ಡಾರ್ಟ್‌ಮುಂಡ್ ಮೇಲೆ 12–0ರಿಂದ ಗೆದ್ದಿತು, ಐದು ಗೋಲು ಹೈಂಕೆಸ್ ಒಬ್ಬರವೇ. ಅತ್ತ ಕಲೋನ್ 5–0ರಿಂದ ಗೆದ್ದು ಪ್ರಶಸ್ತಿ ತನ್ನದಾಗಿಸಿಕೊಂಡಿತು. ಮೂರು ಗೋಲಿನ ಕೊರತೆಯಿಂದ ಪ್ರಶಸ್ತಿ ಕೈತಪ್ಪಿದರೂ ಬುಂಡೆಸ್‌ಲಿಗಾದಲ್ಲಿ ಅಷ್ಟು ದೊಡ್ಡ ಗೆಲುವನ್ನು ಇನ್ನಾವ ತಂಡವೂ ಕಂಡಿಲ್ಲ. ಲೀಗ್‌ನ 369 ಪಂದ್ಯಗಳಲ್ಲಿ 220 ಗೋಲು, ಅದೂ ಗೋಲು ಗಳಿಕೆಯಲ್ಲಿ ಎಲ್ಲರನ್ನೂ ಮೀರಿಸಿದ್ದ ಗೆರ್ಡ್ ಮುಲ್ಲರ್ ಅವರ ಕಾಲದಲ್ಲಿ: ಜರ್ಮನಿಯ ಶ್ರೇಷ್ಠ ಫಾರ್ವರ್ಡ್‌ಗಳ ಸಾಲಿಗೆ ಅವರನ್ನು ಸೇರಿಸಲು ಇಷ್ಟೇ ಸಾಕು.

1979ರಿಂದ ಬೊರುಸಿಯಾ ಕ್ಲಬ್ಬಿನ ತರಬೇತುದಾರರಾಗಿ ಎಂಟು ವರ್ಷ ದುಡಿದರೂ ಪ್ರಶಸ್ತಿ ಒಲಿಯಲಿಲ್ಲ. ಬೇಯರ್ನ್ ಮ್ಯೂನಿಕ್‌ಗೆ 1989 ಮತ್ತು 1990ರಲ್ಲಿ ಲೀಗ್ ಗೆದ್ದುಕೊಟ್ಟರು. 1991ರಲ್ಲಿ ಕ್ಲಬ್ಬು ಅವರನ್ನು ತೆಗೆದುಹಾಕಿತು. ಆಮೇಲಿನ ವರ್ಷಗಳು ಹೆಚ್ಚಾಗಿ ಸ್ಪೇನಿನಲ್ಲಿ ಕಳೆದವು. 1998ರಲ್ಲಿ ಅವರ ತರಬೇತಿಯಲ್ಲಿದ್ದ ರಿಯಲ್ ಮ್ಯಾಡ್ರಿಡ್ ಫೈನಲ್‌ನಲ್ಲಿ ಯುವೆಂಟಸ್ ವಿರುದ್ಧ 1–0ರಿಂದ ಗೆದ್ದು 32 ವರ್ಷಗಳ ಬಳಿಕ ಯುರೋಪಿನ ಅತ್ಯುನ್ನತ ಕಪ್ (ಚಾಂಪಿಯನ್ಸ್ ಲೀಗ್) ಎತ್ತಿತು. ದೇಶೀಯ ಲೀಗ್‌ನಲ್ಲಿ ತಂಡ ನಾಲ್ಕನೆಯದಾಯಿತೆಂದು ಆ ಋತುವಿನ ಕೊನೆಗೇ ಅವರನ್ನು ಬಿಡುಗಡೆ ಮಾಡಲಾಯಿತು. ಅಷ್ಟು ದೊಡ್ಡ ಸಾಧನೆಗೆ ಸಿಕ್ಕ ಈ ಪ್ರತಿಫಲ ನ್ಯಾಯವಾದದ್ದಲ್ಲ.

2011ರಲ್ಲಿ ಅವರು ಮತ್ತೆ ಬೇಯರ್ನ್‌ಗೆ ಬಂದರು. ಮರುವರ್ಷ ತವರು ಮೈದಾನದಲ್ಲೇ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಚೆಲ್ಸಿಯಾ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದಿತು. ಸೋತ ಬೇಯರ್ನ್ ಅಲ್ಲಿಗೆ ಕುಸಿಯಲಿಲ್ಲ. 2013ರ ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಬಾರ್ಸಿಲೋನಾವನ್ನು ಒಟ್ಟು 7–0ರಿಂದ ಸೋಲಿಸಿತು. ವೆಂಬ್ಲಿಯ ಫೈನಲ್‌ನಲ್ಲಿ ತನ್ನ ಆಟಗಾರ ರಾಬೆನ್ ಅವರ ಕೊನೆಗಳಿಗೆಯ ಗೋಲಿನಿಂದ ಡಾರ್ಟ್‌ಮುಂಡ್ ಮೇಲೆ 2–1ರಿಂದ ಗೆದ್ದಿತು. ಲೀಗ್ ಮತ್ತು ಜರ್ಮನ್ ಕಪ್ ಕೂಡ ಸೇರಿ ಒಂದೇ ಋತುವಿನಲ್ಲಿ ಮೂರು ಪ್ರಶಸ್ತಿ ಗೆದ್ದ ಮೊದಲ ಜರ್ಮನ್ ಕ್ಲಬ್ಬಾಯಿತು. ಪೆಪ್ ಗ್ವಾರ್ಡಿಯೊಲಾ ಅವರನ್ನು ಮುಂದಿನ ತರಬೇತುದಾರರೆಂದು ಆ ಜನವರಿಯಲ್ಲೇ ಘೋಷಿಸಲಾಗಿತ್ತು; ಋತು ಮುಗಿದಾಗ ಹೈಂಕೆಸ್ ಹುದ್ದೆ ಬಿಟ್ಟರು. 2017ರ ಅಕ್ಟೋಬರಿನಲ್ಲಿ ಬೇಯರ್ನ್ ಮತ್ತೊಮ್ಮೆ ಕರೆದಾಗ ಹೈಂಕೆಸ್ ಅವರಿಗೆ 72 ವರ್ಷ. ಆ ಋತುವಿನ ಲೀಗ್ ಗೆದ್ದುಕೊಟ್ಟು 2018ರಲ್ಲಿ ಅವರು ನಿವೃತ್ತರಾದರು.